ಮಳೆಗಾಲ, ತೋಟ, ಹಾವು: ಕಡಿದ್ಮೇಲೆ ಯೋಚ್ನೆ ಮಾಡೋದಲ್ಲ, ಮೇ ತಿಂಗಳಲ್ಲೇ ತಯಾರಿ ಮಾಡ್ಕೊಳ್ಳಿ

ನಮ್ಮ ಚಿಕ್ಕಪ್ಪಂಗೆ ಹಾವು ಕಡಿದಿದ್ದು ಸಂಜೆ ಐದು ಮುಕ್ಕಾಲಿಗೆ, ಔಷಧಿ ಮೈಗೆ ಹತ್ತೋಕೆ ಶುರುವಾಗಿದ್ದು ರಾತ್ರಿ ಹತ್ತೂ ಇಪ್ಪತ್ತಕ್ಕೆ. ಔಷಧಿ ಸಿಕ್ಕ ಆಸ್ಪತ್ರೆ ನಮ್ಮನೆಯಿಂದ ಜೀಪಲ್ಲಿ ಒಂದು ಗಂಟೆ ದಾರಿ ಅಷ್ಟೆ. ಉಳಿದ ಮೂರೂವರೆ ಗಂಟೆ ಎಲ್ಲಿ ಹೋಯ್ತು ಅಂತ ಆಮೇಲೆ ಕೂತು ಲೆಕ್ಕ ಹಾಕಿದೀನಿ, ಈ ಲೇಖನ ಬರೀತಿರೋದು ಆ ಲೆಕ್ಕಕ್ಕೋಸ್ಕರನೇ. ಅಡಕೆಗೆ ಕೊಳೆರೋಗದ ಔಷಧಿ ಹೊಡೆದು ಮುಗಿಸಿ ಪೈಪ್ ಸುತ್ತುತಾ ಇದ್ರು, ಕಾಲಲ್ಲಿ ಹವಾಯಿ ಚಪ್ಪಲಿ, ಬಿದ್ದ ಅಡಕೆ ಹಾಳೆ ಒಂದನ್ನ ಕಾಲಲ್ಲೇ ಪಕ್ಕಕ್ಕೆ ತಳ್ಳಿದ್ರು, ಅದರಡಿ ಕೊಳಕುಮಂಡಲ ಇತ್ತು. ಎಡಗಾಲಿನ ಹೆಬ್ಬೆರಳ ಪಕ್ಕ ಎರಡು ಚುಕ್ಕಿ, ಒಂದರಿಂದ ರಕ್ತ ಸೋರ್ತಾ ಇತ್ತು, ನಿಲ್ತಾನೇ ಇರ್ಲಿಲ್ಲ. ಪಂಚೆ ಹರಿದು ಮೊಣಕಾಲ ಕೆಳಗೆ ಬಿಗಿಯಾಗಿ ಕಟ್ಟಿದ್ವಿ, ಅದು ಮೊದಲ್ನೇ ತಪ್ಪು. ನಾಟಿ ಮದ್ದು ಕೊಡೋರಿಗೆ ಹೇಳಿ ಕಳ್ಸಿ ಒಂದೂವರೆ ಗಂಟೆ ಕಾದ್ವಿ, ಅದು ಎರಡನೇದು ಮತ್ತೆ ಎಲ್ಲಕ್ಕಿಂತ ದೊಡ್ಡದು. ಕರೆಂಟ್ ಇಲ್ಲ, ಟವರ್ ಸತ್ತಿದೆ, ಜೀಪ್ ಇರೋರ ಮನೆಗೆ ಮಳೇಲಿ ಓಡ್ಬೇಕಾಯ್ತು. ಹತ್ತಿರ ಅಂತ ಮೊದಲು ಹೋದ ಆಸ್ಪತ್ರೇಲಿ ಔಷಧಿ ಸ್ಟಾಕ್ ಇರ್ಲಿಲ್ಲ, ಅಲ್ಲಿಂದ ವಾಪಸ್ ತಿರುಗಿ ಬೇರೆ ರಸ್ತೆ ಹಿಡಿದ್ವಿ.

ಹಾವಿನ ಬಗ್ಗೆ ನಮಗೆ ಗೊತ್ತಿರ್ಲಿಲ್ಲ ಅಂತಲ್ಲ, ಮಲೆನಾಡಲ್ಲಿ ಹುಟ್ಟಿ ಬೆಳೆದೋರಿಗೆ ಹಾವು ಹೊಸದೇನಲ್ಲ, ದಾರಿ ಗೊತ್ತಿರ್ಲಿಲ್ಲ. ಯಾವ ಆಸ್ಪತ್ರೆ, ಯಾರ ಗಾಡಿ, ಯಾವ ರಸ್ತೆ, ಈ ಮೂರು ಪ್ರಶ್ನೆಗೆ ಉತ್ತರ ಹುಡುಕೋಕೆ ಹಾವು ಕಡಿಯೋವರೆಗೆ ಕಾದಿದ್ವಿ. 2000ರಿಂದ 2019ರವರೆಗೆ ಇಡೀ ದೇಶದಲ್ಲಿ ಹಾವು ಕಡಿದು ಸತ್ತೋರು ಸುಮಾರು 12 ಲಕ್ಷ ಅಂತ ಒಂದು ದೊಡ್ಡ ಅಧ್ಯಯನದ ಅಂದಾಜಿದೆ, ಅದರಲ್ಲಿ ಅರ್ಧದಷ್ಟು ಜೂನ್‌ನಿಂದ ಸೆಪ್ಟೆಂಬರ್ ಒಳಗೆ, ಬಹುಪಾಲು ಹಳ್ಳಿಗಳಲ್ಲಿ, ಆಸ್ಪತ್ರೇಲಲ್ಲ, ಮನೇಲೇ. ಆ "ಮನೇಲೇ" ಅನ್ನೋದನ್ನ ಓದ್ದಾಗ ನಂಗೆ ನಮ್ಮ ಜಗುಲಿ ಮೇಲೆ ಮದ್ದಿಗೆ ಕಾಯ್ತಾ ಕೂತಿದ್ದ ಚಿಕ್ಕಪ್ಪನೇ ಕಣ್ಣಿಗೆ ಬಂದ್ರು.

ಮೇ ತಿಂಗಳಲ್ಲಿ ಮಾಡೋ ಕೆಲಸ

ಸೌದೆ ಒಳಗೆ ಹಾಕ್ತೀವಿ, ಹಪ್ಪಳ ಸಂಡಿಗೆ ಮಾಡಿಡ್ತೀವಿ, ಹಂಚು ಕೈಯಾಡಿಸ್ತೀವಿ, ಅದೇ ಪಟ್ಟಿಗೆ ಇದನ್ನೂ ಸೇರಿಸ್ಕೊಳ್ಳಿ. ನಿಮ್ಮ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ತಾಲೂಕು ಆಸ್ಪತ್ರೆಗೆ ಒಂದ್ಸಲ ಹೋಗಿ ನೇರವಾಗಿ ಕೇಳಿ: ಎಎಸ್‌ವಿ ಇದೆಯಾ, ಎಷ್ಟು ವಯಲ್ (ಔಷಧಿಯ ಸಣ್ಣ ಬಾಟ್ಲಿ) ಇದೆ, ರಾತ್ರಿ ಡಾಕ್ಟ್ರು ಇರ್ತಾರಾ. ಎಎಸ್‌ವಿ ಅಂದ್ರೆ ಆಂಟಿ ಸ್ನೇಕ್ ವೆನಮ್, ವಿಷಕ್ಕೆ ಇರೋ ಒಂದೇ ಒಂದು ನಿಜವಾದ ಔಷಧಿ. ವಿಷದ ಹಾವು ಕಡಿದು ವಿಷ ಏರಿದ ಲಕ್ಷಣ ಕಂಡ್ರೆ ಮೊದಲ್ನೇ ಡೋಸಿಗೇ ಸಾಮಾನ್ಯವಾಗಿ 8ರಿಂದ 10 ವಯಲ್ ಬೇಕು, ಅದಕ್ಕೇ "ಇದೆ" ಅಂದ್ರೆ ಸಾಕಾಗಲ್ಲ, ಎಷ್ಟಿದೆ ಅಂತ ಕೇಳ್ಬೇಕು. ಕೇಳೋಕೆ ಸಂಕೋಚ ಬೇಡ. 2024ರ ಫೆಬ್ರವರಿಯಿಂದ ಕರ್ನಾಟಕದಲ್ಲಿ ಹಾವು ಕಡಿತನ ಆಸ್ಪತ್ರೆಗಳು ಸರ್ಕಾರಕ್ಕೆ ಕಡ್ಡಾಯವಾಗಿ ವರದಿ ಮಾಡ್ಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿದಾರೆ, ಎಲ್ಲಿ ಎಷ್ಟು ಕೇಸ್ ಬರುತ್ತೆ ಅಂತ ಲೆಕ್ಕ ಸಿಕ್ಕಿದ್ರೇನೇ ಎಲ್ಲಿಗೆ ಎಷ್ಟು ಔಷಧಿ ಕಳಿಸ್ಬೇಕು ಅನ್ನೋದೂ ತಿಳಿಯೋದು. ಊರೋರು ನಾಕು ಜನ ಹೋಗಿ ಕೇಳಿದ್ರೆ ಅದಕ್ಕೂ ಒಂದು ಬೆಲೆ ಇರುತ್ತೆ.

ಆಮೇಲೆ ದಾರಿ. ಮಲೆನಾಡಲ್ಲಿ ಬೇಸಿಗೆ ದಾರಿ ಬೇರೆ, ಮಳೆಗಾಲದ ದಾರಿ ಬೇರೆ. ಬೇಸಿಗೇಲಿ ಹಳ್ಳ ದಾಟಿ ಹತ್ತು ನಿಮಿಷಕ್ಕೆ ಟಾರ್ ರೋಡ್ ಸೇರ್ತೀವಿ, ಜುಲೈಲಿ ಅದೇ ಹಳ್ಳ ಎದೆಮಟ್ಟ. ಆಗುಂಬೆ ಕಡೆಯೋರು ಘಾಟಿಯ 14 ತಿರುವು ಇಳಿದು ಮಣಿಪಾಲ ಹಿಡಿಯೋದಾ, ತೀರ್ಥಹಳ್ಳಿ ಮೇಲೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೋಗೋದಾ ಅಂತ ಮೊದಲೇ ಮಾತಾಡ್ಕೊಂಡಿರ್ಬೇಕು, ಧರೆ ಕುಸಿದು ಘಾಟಿ ಬಂದಾದ್ರೆ ಏನು ಅನ್ನೋದನ್ನೂ. ತುಮರಿ, ಬ್ಯಾಕೋಡು ಕಡೆಯೋರು ಎಷ್ಟು ವರ್ಷ ಶರಾವತಿ ಹಿನ್ನೀರಲ್ಲಿ ಲಾಂಚ್ ನಂಬ್ಕೊಂಡು ಬದುಕಿದ್ರು, ಸಂಜೆ ಲಾಂಚ್ ನಿಂತ್ರೆ ಆಚೆ ದಡ ಕಾಣ್ತಿದ್ರೂ ಸುತ್ತು ಹಾಕ್ಕೊಂಡು ಹೋಗ್ಬೇಕು, 2025ರ ಜುಲೈಲಿ ಸಿಗಂದೂರು ಸೇತುವೆ ಆದ್ಮೇಲೆ ಆ ಕಷ್ಟ ತಪ್ತು. ನಿಮ್ಮೂರಿಗೆ ಆ ಥರ ಸಿಕ್ಕಿಹಾಕೋ ಜಾಗ ಯಾವುದು ಅಂತ ನಿಮಗೇ ಗೊತ್ತಿರುತ್ತೆ, ಅದನ್ನ ತಪ್ಪಿಸೋ ಇನ್ನೊಂದು ದಾರಿ ಯೋಚಿಸಿಡಿ.

ಒಂದು ರಟ್ಟಿನ ಚೂರಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಫೋನ್ ಚಾರ್ಜರ್ ಪಕ್ಕದ ಗೋಡೆಗೆ ಹಚ್ಚಿ: 108, ಆಸ್ಪತ್ರೆ ನಂಬರ್, ಜೀಪ್ ಅಥವಾ ಓಮ್ನಿ ಇರೋ ಇಬ್ಬರ ನಂಬರ್, ಅರಣ್ಯ ಇಲಾಖೆ ಸಹಾಯವಾಣಿ 1926, ಊರಿನ ಹತ್ರ ತರಬೇತಿ ಆಗಿರೋ ಹಾವು ಹಿಡಿಯೋರ ನಂಬರ್. ಮೊಬೈಲಲ್ಲೇ ಇದೆಯಲ್ಲ ಅನ್ಬೇಡಿ, ಕಡಿಸ್ಕೊಂಡೋರ ಮೊಬೈಲಿನ ಲಾಕ್ ಯಾರಿಗ್ಗೊತ್ತು. ನೆಟ್‌ವರ್ಕ್ ಯಾವ ದಿಬ್ಬದ ಮೇಲೆ ಸಿಗುತ್ತೆ ಅನ್ನೋದೂ ಮನೆ ಮಕ್ಕಳಿಗೂ ಗೊತ್ತಿರ್ಲಿ.

ನಮ್ಮ ಕಡೆ ಯಾವ್ಯಾವ ಹಾವು

ಎಲ್ಲ ಹಾವಿನ ವಿವರ ಕೊಡೋಕೆ ಹೋಗಲ್ಲ, ಪ್ರಾಣ ತೆಗೆಯೋದು ಕೆಲವೇ. ನಾಗರ ಎಲ್ಲರಿಗೂ ಗೊತ್ತು. ಕೊಳಕುಮಂಡಲ ದಪ್ಪ ಮೈ, ಕಂದು ಬಣ್ಣ, ಬೆನ್ನ ಮೇಲೆ ಸರಪಳಿ ಥರ ಮೂರು ಸಾಲು ಕಪ್ಪಂಚಿನ ದೊಡ್ಡ ಮಚ್ಚೆ, ಹತ್ರ ಹೋದ್ರೆ ಕುಕ್ಕರ್ ವಿಷಲ್ ಹೊಡೆಯೋ ಮುಂಚೆ ಬುಸುಗುಡುತ್ತಲ್ಲ ಆ ಥರ ಸದ್ದು. ಹೆಬ್ಬಾವಿನ ಮರಿ ಅಂದ್ಕೊಂಡು ಕೈ ಹಾಕಿ ಕಡಿಸ್ಕೊಂಡೋರು ಇದಾರೆ. ಅದು ಮೊಟ್ಟೆ ಇಡಲ್ಲ, ಮರಿ ಹಾಕುತ್ತೆ, ಮಳೆ ಶುರುವಾಗೋ ಸಮಯದಲ್ಲಿ ತೋಟದಲ್ಲಿ ಮರಿ ಓಡಾಡ್ತಿರ್ತವೆ, ಮರಿ ಕಡಿದ್ರೂ ವಿಷ ವಿಷವೇ. ಕಟ್ಟುಹಾವು, ಕೆಲವು ಕಡೆ ಕಡಂಬಳ ಅಂತಾರೆ, ಕರೀ ಮಿರುಗೋ ಮೈ, ಬಿಳೀ ಸಣ್ಣ ಪಟ್ಟಿ, ರಾತ್ರಿ ಮಾತ್ರ ಓಡಾಡೋದು. ತೋಳದ ಹಾವೂ ಹೆಚ್ಚುಕಮ್ಮಿ ಹಾಗೇ ಕಾಣುತ್ತೆ, ಅದಕ್ಕೆ ವಿಷ ಇಲ್ಲ, ಆದ್ರೆ ಟಾರ್ಚ್ ಬೆಳಕಲ್ಲಿ ವ್ಯತ್ಯಾಸ ಹುಡುಕೋಕೆ ಹೋಗ್ಬೇಡಿ. ಉರಿಮಂಡಲ ಜಾಸ್ತಿ ಬಯಲುಸೀಮೆ ಕಡೆ, ಒಣ ಕಲ್ಲುಗುಡ್ಡದಲ್ಲಿ. ಈ ನಾಲ್ಕರ ವಿಷಕ್ಕೆ ನಮ್ಮಲ್ಲಿ ಸಿಗೋ ಎಎಸ್‌ವಿ ಕೆಲಸ ಮಾಡುತ್ತೆ.

ಮಲೆನಾಡಿಗೇ ವಿಶೇಷವಾಗಿ ಇನ್ನೆರಡು ಹೇಳ್ಬೇಕು. ಒಂದು ದರಗಿನ ಬಣ್ಣದ, ಮೂಗು ಮೇಲಕ್ಕೆ ಚೂಪಾಗಿ ಎದ್ದಿರೋ ಗಿಡ್ಡ ಹಾವು, ಹಂಪ್ ನೋಸ್ಡ್ ಪಿಟ್ ವೈಪರ್ ಅಂತಾರೆ, ಒಂದು ಗೇಣಿಂದ ಎರಡು ಗೇಣು ಉದ್ದ ಅಷ್ಟೆ, ತರಗೆಲೆ ಮಧ್ಯ ಸುತ್ಕೊಂಡು ಕೂತ್ರೆ ಎದುರಿಗಿದ್ರೂ ಕಾಣಲ್ಲ. ಇನ್ನೊಂದು ಮಲಬಾರ್ ಪಿಟ್ ವೈಪರ್, ಒಂದೊಂದು ಒಂದೊಂದು ಬಣ್ಣ, ಹಸಿರು, ಕಂದು, ಹಳದಿ, ಮಳೆಗಾಲದಲ್ಲಿ ಗಿಡದ ಮೇಲೆ, ಬಂಡೆ ಮೇಲೆ, ಹಳ್ಳದ ಪಕ್ಕ ಕೂತಿರುತ್ತೆ, ಕಾಫಿ ಏಲಕ್ಕಿ ಕೆಲಸದೋರಿಗೆ ಕೈಗೇ ಕಡಿಯುತ್ತೆ. ಇವೆರಡರ ವಿಷಕ್ಕೆ ನಮ್ಮ ಎಎಸ್‌ವಿ ತಯಾರಾಗಿಲ್ಲ. ಹಾಗಂತ ಮನೇಲಿ ಕೂರೋಹಾಗಿಲ್ಲ, ಮೂಗು ಎದ್ದಿರೋ ಆ ಸಣ್ಣದು ಕಡಿದಾಗ ಕೆಲವರಿಗೆ ರಕ್ತ ಹೆಪ್ಪುಗಟ್ಟೋದು ನಿಲ್ಲುತ್ತೆ, ಕಿಡ್ನಿಗೂ ತೊಂದ್ರೆ ಆಗುತ್ತೆ, ಅದನ್ನ ನೋಡ್ಕೊಳ್ಳೋಕೆ ಆಸ್ಪತ್ರೇನೇ ಬೇಕು.

ಕಾಳಿಂಗದ ಬಗ್ಗೆ ಎಲ್ಲರೂ ಕೇಳ್ತಾರೆ. ಆಗುಂಬೆ ಸುತ್ತ ಅದು ಕೇರೆ ಹಾವು ಅಟ್ಟಿಸ್ಕೊಂಡು ಕೊಟ್ಟಿಗೆಗೆ, ಬಚ್ಚಲಿಗೆ ಬರೋದು ಇದೆ, ಬೇಸಿಗೇಲಿ ಹೆಣ್ಣಿನ ಹಿಂದೆ ಗಂಡು ಬರೋದೂ ಇದೆ. ನಮ್ಮ ಘಟ್ಟದ ಕಾಳಿಂಗ ಬೇರೆಯೇ ಜಾತಿ ಅಂತ 2024ರಲ್ಲಿ ವಿಜ್ಞಾನಿಗಳು ಗುರುತಿಸಿ ಅದಕ್ಕೆ ಇಟ್ಟ ಹೆಸರೂ ನಮ್ಮ ಕನ್ನಡದ್ದೇ, ಒಫಿಯೋಫೇಗಸ್ ಕಾಳಿಂಗ. ಹನ್ನೆರಡು ಅಡಿ ಹಾವು ನೋಡಿ ಕೈಕಾಲು ನಡುಗೋದು ಸಹಜ, ಆದ್ರೆ ಅದು ಮನುಷ್ಯರಿಗೆ ಕಡಿಯೋದು ಬಹಳ ಅಪರೂಪ. ದಾರಿ ಬಿಟ್ಕೊಡಿ, ಸುಮ್ನೆ ಇದ್ರೆ ತಾನಾಗೇ ಹೋಗುತ್ತೆ. ನಂಗೆ ಕಾಳಿಂಗಕ್ಕಿಂತ ಹಾಳೆ ಅಡಿ ಇರೋ ಕೊಳಕುಮಂಡಲನೇ ಹೆಚ್ಚು ಭಯ.

ಕಡಿಸ್ಕೊಳ್ಳದೇ ಇರೋಕೆ

ಗಮ್‌ಬೂಟ್. ಇದೊಂದೇ ಮಾತನ್ನ ಎಷ್ಟು ಸಲ ಹೇಳಿದ್ರೂ ಕಮ್ಮಿ. ನಮ್ಮ ಕಡೆ ಹೆಚ್ಚಿನ ಕಡಿತ ಪಾದಕ್ಕೆ, ಹಿಮ್ಮಡಿ ಮೇಲಕ್ಕೆ ಬೀಳೋದು. ಮನೆಯೋರಿಗಷ್ಟೇ ಅಲ್ಲ, ಕೆಲಸಕ್ಕೆ ಬರೋರಿಗೂ ಬೂಟ್ ಕೊಡ್ಸಿ, ಕಳೆ ಕೊಚ್ಚೋರು ಸೊಪ್ಪು ಕೊಯ್ಯೋರು ಬರಿಗಾಲಲ್ಲಿ ಇರೋವಾಗ ಯಜಮಾನ್ರು ಮಾತ್ರ ಬೂಟ್ ಹಾಕ್ಕೊಂಡು ನಿಲ್ಲೋದು ಸರಿಯಲ್ಲ. ಹಾಕ್ಕೊಳ್ಳೋ ಮುಂಚೆ ಬೂಟನ್ನ ತಲೆಕೆಳಗು ಮಾಡಿ ಕೊಡವಿ. ಹಾಳೆ, ಸೋಗೆ, ತೆಂಗಿನ ಮಡ್ಲು ಎತ್ತೋ ಮುಂಚೆ ಕೋಲಲ್ಲಿ ಮಗುಚಿ ನೋಡಿ, ಸುತ್ತಿಟ್ಟ ಪೈಪ್ ಮೇಲೂ ಒಂದು ಕಣ್ಣು. ಸೌದೆ ತೆಗೆಯುವಾಗ ರಾಶಿ ಒಳಕ್ಕೆ ಕೈ ತೂರಿಸ್ಬೇಡಿ, ಮೇಲಿಂದ ಒಂದೊಂದೇ. ಹುಲ್ಲು ಕುತ್ರೆ, ಗೊಬ್ಬರ ಗುಂಡಿ ಅಂಚು, ಬಚ್ಚಲ ನೀರು ಹೊರಗೆ ಹೋಗೋ ಕಿಂಡಿ, ಇವೆಲ್ಲ ಹಾವಿಗೆ ಪ್ರೀತಿ, ಕಿಂಡಿಗೆ ಜಾಲರಿ ಹೊಡೀರಿ. ಭತ್ತ, ಅಕ್ಕಿ, ಕೋಳಿ ಕಾಳು ಚೆಲ್ಲಿದ್ರೆ ಇಲಿ ಬರುತ್ತೆ, ಇಲಿ ಹಿಂದೆ ಹಾವು. ಫಿನಾಯಿಲ್, ಬೆಳ್ಳುಳ್ಳಿ ನೀರು, ಗಂಧಕ ಯಾವ್ದೂ ಹಾವನ್ನ ತಡೆಯಲ್ಲ, ಆ ದುಡ್ಡಲ್ಲಿ ಒಳ್ಳೇ ಟಾರ್ಚ್ ತಗೊಳ್ಳಿ.

ಮೊದಲ ಮಳೆಗೆ ಹತ್ತುಮೀನು (ಹೊಸ ನೀರಿಗೆ ಹತ್ತಿ ಬರೋ ಮೀನು) ಹೊಡೆಯೋಕೆ ಗದ್ದೆಗೆ ಇಳಿಯೋ ಹುಡುಗ್ರಿಗೆ ಬಿಡಿಸಿ ಹೇಳ್ಬೇಕು, ಆ ರಾತ್ರಿ ಕಪ್ಪೆ, ಮೀನು, ಹಾವು, ಮನುಷ್ಯರು ಎಲ್ಲ ಒಂದೇ ಅಂಚಿನ ಮೇಲೆ. ಎಲ್ಲರ ಕಣ್ಣೂ ನೀರಿನ ಮೇಲೆ, ಕಾಲಿಡೋ ಜಾಗ ಯಾರೂ ನೋಡಲ್ಲ. ಒಬ್ಬರ ಟಾರ್ಚ್ ಬರೀ ಅಂಚಿನ ಮೇಲೇ ಇರ್ಲಿ, ಆಚೀಚೆ ಹೊರಳಿಸ್ಬೇಡಿ. ಕಳಲೆ, ಅಣಬೆ ಹುಡುಕೋಕೆ ಹೋದಾಗಲೂ ಬಿದಿರು ಮೆಳೆ ಒಳಗೆ ಕೈ ಹಾಕೋ ಮುಂಚೆ ಕೋಲು ಹಾಕಿ.

ರಾತ್ರಿ ನೆಲದ ಮೇಲೆ ಮಲಗೋರು ಸೊಳ್ಳೆ ಪರದೆ ಕಟ್ಟಿ ಅಂಚನ್ನ ಚಾಪೆ ಅಡಿ ಸುತ್ತಲೂ ಸಿಗಿಸ್ಕೊಳ್ಳಿ. ಸೊಳ್ಳೆಗಿಂತ ಇದು ಕಟ್ಟುಹಾವಿಗೆ. ಆ ಹಾವು ಮಲಗಿದೋರನ್ನೇ ಕಡಿಯೋದು ಜಾಸ್ತಿ, ನೋವೂ ಇಲ್ಲ, ಊತಾನೂ ಇಲ್ಲ, ಗಾಯದ ಗುರುತೂ ಎಷ್ಟೋ ಸಲ ಕಾಣಲ್ಲ. ಬೆಳಗಿನ ಜಾವ ಹೊಟ್ಟೆ ನೋವು, ವಾಂತಿ, ಕಣ್ಣ ರೆಪ್ಪೆ ಎತ್ತೋಕಾಗ್ತಿಲ್ಲ, ಮಾತು ತೊದಲ್ತಿದೆ ಅಂದ್ರೆ ಗ್ಯಾಸ್ಟ್ರಿಕ್ ಅಂತ ಕಷಾಯ ಕುಡಿಸ್ತಾ ಕೂರ್ಬೇಡಿ, ಹಾವೇ ಕಾಣದಿದ್ರೂ ಆಸ್ಪತ್ರೆಗೆ ಹೊರಡಿ, ಡಾಕ್ಟ್ರಿಗೆ "ನೆಲದ ಮೇಲೆ ಮಲಗಿದ್ರು" ಅಂತ ಮೊದಲ ಮಾತೇ ಹೇಳಿ.

ಹಾವು ಎದುರಾದ್ರೆ

ನಿಂತ್ಬಿಡಿ. ಆಮೇಲೆ ನಿಧಾನಕ್ಕೆ ಹಿಂದೆ ಸರೀರಿ, ಎರಡು ಮಾರು ದೂರ ಇದ್ರೆ ಅದು ನಿಮ್ಮನ್ನ ಮುಟ್ಟೋಕಾಗಲ್ಲ. ಕಲ್ಲು ಹೊಡೆಯೋದು, ಕೋಲಲ್ಲಿ ಕೆಣಕೋದು, ಫೋಟೋಗೆ ಹತ್ರ ಹೋಗೋದು, ಇದರಲ್ಲೇ ಕಡಿಸ್ಕೊಂಡೋರು ಬೇಕಾದಷ್ಟು ಜನ. ಅಟ್ಟಿಸ್ಕೊಂಡು ಬರುತ್ತೆ, ಹನ್ನೆರಡು ವರ್ಷ ದ್ವೇಷ ಇಟ್ಕೊಳ್ಳುತ್ತೆ ಅನ್ನೋದೆಲ್ಲ ಸುಳ್ಳು, ಅದಕ್ಕೆ ಬೇಕಾಗಿರೋದು ಅಡಗೋ ಜಾಗ ಅಷ್ಟೆ. ಮನೆ ಒಳಗೆ ಬಂದ್ರೆ ಮಕ್ಕಳು ನಾಯಿ ಬೆಕ್ಕು ಹೊರಗೆ, ಹಾವಿರೋ ಕೋಣೆಯಿಂದ ಒಳಮನೆಗೆ ಹೋಗೋ ಬಾಗಿಲು ಹಾಕಿ ಅಡಿ ಸಂದಿಗೆ ಗೋಣಿಚೀಲ ತುರುಕಿ, ಹೊರಗಿನ ಬಾಗಿಲು ತೆಗೆದಿಡಿ, ಒಬ್ಬರು ದೂರದಿಂದ ಟಾರ್ಚ್ ಬಿಟ್ಕೊಂಡು ಅದು ಎಲ್ಲಿ ಹೋಗುತ್ತೆ ನೋಡ್ತಿರಿ, ಇನ್ನೊಬ್ರು ಫೋನ್ ಮಾಡಿ. ಹಿಡಿಯೋರು ಬರೋಷ್ಟ್ರಲ್ಲಿ ಹಾವು ಎಲ್ಲಿದೆ ಅಂತ ಗೊತ್ತಿಲ್ಲದೇ ಹೋದ್ರೆ ಆ ರಾತ್ರಿ ಯಾರಿಗೂ ನಿದ್ದೆ ಇಲ್ಲ. ಸೀಮೆಎಣ್ಣೆ ಸುರೀಬೇಡಿ, ಹೊಡೆದು ಸಾಯಿಸ್ಬೇಡಿ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದು ಅಪರಾಧ, ಅದಕ್ಕಿಂತ ಹೆಚ್ಚಾಗಿ ಹೊಡೆಯೋಕೆ ಹೋಗೋದೇ ಅಪಾಯ. ತಲೆ ಕತ್ತರಿಸಿ ಬಿದ್ದ ಹಾವೂ ಸ್ವಲ್ಪ ಹೊತ್ತು ಕಚ್ಚಬಲ್ಲದು.

ಕಡಿದೇ ಬಿಟ್ರೆ, ಒಂದಾದ್ಮೇಲೆ ಒಂದು

ಮೊದಲು ಹಾವಿಂದ ದೂರ ಬನ್ನಿ, ಕೂರಿಸಿ ಅಥವಾ ಮಲಗಿಸಿ. ಕೈಗಡಿಯಾರ ನೋಡಿ ಹೊತ್ತು ಬರೆದಿಟ್ಕೊಳ್ಳಿ. "ಏನೂ ಆಗಲ್ಲ ಮಾರಾಯ, ಹೊರಟ್ವಿ ಈಗ" ಅಂತ ಸಮಾಧಾನ ಹೇಳಿ, ಇದು ಬಾಯುಪಚಾರ ಅಲ್ಲ, ಎದೆ ಹೊಡ್ಕೊಂಡಷ್ಟೂ ಕಡಿಸ್ಕೊಂಡೋರು ಎದ್ದು ಓಡೋಕೆ ನೋಡ್ತಾರೆ, ಓಡಾಡಿದಷ್ಟೂ ವಿಷ ಮೈಗೆ ಬೇಗ ಏರುತ್ತೆ. ಕಡಿದಾಗೆಲ್ಲ ವಿಷ ಬಿಟ್ಟೇ ಇರುತ್ತೆ ಅಂತಾನೂ ಇಲ್ಲ, ಒಣ ಕಡಿತ ಎಷ್ಟೋ ಇರ್ತವೆ, ಆದ್ರೆ ಅದು ಒಣ ಕಡಿತ ಅಂತ ಹೇಳೋದು ಡಾಕ್ಟ್ರು, ನಾವಲ್ಲ.

ಉಂಗುರ, ಬಳೆ, ಕಾಲುಂಗುರ, ಕಾಲ್ಗೆಜ್ಜೆ, ಕೈಗೆ ಕಟ್ಟಿದ ದಾರ, ವಾಚು ಎಲ್ಲ ತಕ್ಷಣ ತೆಗೀರಿ. ಊತ ಏರಿದ್ಮೇಲೆ ಬರಲ್ಲ. ಚಿಕ್ಕಪ್ಪನ ಕಾಲಿಗೆ ಹರಕೆಯ ಬೆಳ್ಳಿ ಬಳೆ ಇತ್ತು, ಜೀಪ್ ಬರೋ ಹೊತ್ತಿಗೆ ಅದು ಚರ್ಮದೊಳಗೆ ಇಳಿದು ಎರಡು ಕಡೆ ಮಾಂಸ ಉಬ್ಬಿ ಕಾಣದಂಗಾಗಿತ್ತು, ಆಸ್ಪತ್ರೇಲಿ ಕಟರ್ ಹಾಕಿ ತುಂಡು ಮಾಡ್ಬೇಕಾಯ್ತು, ಅಷ್ಟು ಹೊತ್ತೂ ಅವರು ಕೂಗಿದ್ದು ಹಾವಿನ ನೋವಿಗಲ್ಲ, ಆ ಬಳೆ ನೋವಿಗೆ.

ಕಡಿದ ಕಾಲು ಅಥವಾ ಕೈ ಅಲ್ಲಾಡದ ಹಾಗೆ ಮಾಡಿ. ಮೂಳೆ ಮುರಿದಾಗ ಹೇಗೆ ಹಲಗೆ ಕಟ್ತೀವೋ ಹಾಗೆ. ಅಡಕೆ ದಬ್ಬೆ ಸಾಕು, ಸ್ಕೇಲ್ ಸಾಕು, ಹಳೇ ಛತ್ರಿನೂ ಆದೀತು, ಮೆತ್ತಗೆ ಬಟ್ಟೆ ಹಾಸಿ, ಸಡಿಲವಾಗಿ ಎರಡು ಮೂರು ಕಡೆ ಕಟ್ಟಿ, ಕಟ್ಟಿನ ಕೆಳಗೆ ಬೆರಳು ಸಲೀಸಾಗಿ ತೂರ್ಬೇಕು. ನಡೆಸ್ಬೇಡಿ. ರಸ್ತೆವರೆಗೆ ಕುರ್ಚಿ ಮೇಲೋ, ಕಂಬಳಿ ಜೋಲಿ ಮಾಡಿಯೋ ಹೊತ್ತು ತನ್ನಿ. ಊತ ಎಲ್ಲಿಗೆ ಬಂದಿದೆ ಅಲ್ಲಿ ಪೆನ್ನಲ್ಲಿ ಗೆರೆ ಎಳೆದು ಪಕ್ಕ ಗಂಟೆ ಬರೀರಿ, ಅರ್ಧ ಗಂಟೆಗೊಂದು, ಡಾಕ್ಟ್ರಿಗೆ ಇದರಷ್ಟು ಉಪಯೋಗದ ಮಾಹಿತಿ ಇನ್ನೊಂದಿಲ್ಲ.

ಈಗ ಮಾಡ್ಬಾರದ್ದು. ಬಿಗಿಯಾಗಿ ಕಟ್ಬೇಡಿ, ಹಗ್ಗ, ಬಾಳೆಪಟ್ಟೆ, ಪಂಚೆ ಯಾವ್ದೂ ಬೇಡ. ವಿಷ ಮೇಲೆ ಏರದಂಗೆ ತಡೆಯುತ್ತೆ ಅನ್ನೋ ನಂಬಿಕೆ ನಮ್ಮಲ್ಲಿ ರಕ್ತಕ್ಕೇ ಸೇರಿದೆ, ಆದ್ರೆ ಅದು ರಕ್ತ ಓಡಾಟ ನಿಲ್ಸಿ ಕಾಲನ್ನೇ ಕೊಳೆಸುತ್ತೆ, ಕೊಳಕುಮಂಡಲದಂಥ ಹಾವಾದ್ರೆ ವಿಷ ಒಂದೇ ಜಾಗದಲ್ಲಿ ನಿಂತು ಮಾಂಸ ಇನ್ನಷ್ಟು ಸಾಯುತ್ತೆ. ಯಾರಾದ್ರೂ ಆಗ್ಲೇ ಬಿಗಿಯಾಗಿ ಕಟ್ಬಿಟ್ಟಿದ್ರೆ ದಾರೀಲಿ ಗಕ್ಕನೆ ಬಿಚ್ಬೇಡಿ, ತಡೆದಿದ್ದ ವಿಷ ಒಟ್ಟಿಗೇ ನುಗ್ಗಬಹುದು, ಡಾಕ್ಟ್ರ ಎದುರು, ಔಷಧಿ ರೆಡಿ ಇಟ್ಕೊಂಡು ಬಿಚ್ಬೇಕು. ಬ್ಲೇಡಲ್ಲಿ ಕೊಯ್ಯೋದು, ಬಾಯಲ್ಲಿ ಹೀರೋದು, ಐಸ್ ಇಡೋದು, ಸುಡೋದು, ಕರೆಂಟ್ ಶಾಕ್, ಹಾವಿನ ಕಲ್ಲು, ಸೊಪ್ಪಿನ ರಸ, ಸಾರಾಯಿ ಎಲ್ಲಕ್ಕೂ ಒಂದೇ ಉತ್ತರ, ಬೇಡ. ನೋವಿಗೆ ಪ್ಯಾರಾಸಿಟಮಾಲ್ ಆಗುತ್ತೆ, ಆಸ್ಪಿರಿನ್, ಬ್ರೂಫೆನ್, ಡೈಕ್ಲೋ ಕೊಡ್ಬೇಡಿ, ರಕ್ತಸ್ರಾವ ಹೆಚ್ಚಾಗುತ್ತೆ. ಹಾವು ಹುಡುಕಿ ಹಿಡಿದು ತರೋದೂ ಬೇಡ, ಎಷ್ಟೋ ಕಡೆ ಹೀಗೆ ಹೋಗಿ ಎರಡನೇ ಮನುಷ್ಯನೂ ಕಡಿಸ್ಕೊಂಡಿದ್ದಿದೆ. ದೂರದಿಂದ ಫೋಟೋ ಸಿಕ್ರೆ ಒಳ್ಳೇದು, ಇಲ್ಲದಿದ್ರೂ ಲಕ್ಷಣ ನೋಡಿ ಚಿಕಿತ್ಸೆ ನಡೆಯುತ್ತೆ.

ನಾಟಿ ಮದ್ದಿನ ಬಗ್ಗೆ ಒಂದು ಮಾತು, ಬೇಜಾರಾಗ್ಬೇಡಿ. ಮದ್ದು ಕೊಡೋರು ಊರಿಗೆ ಬೇಕಾದೋರು, ದುಡ್ಡಿನ ಆಸೆ ಇಲ್ಲದೇ ನಡುರಾತ್ರಿ ಎದ್ದು ಬರೋರು, ನಮ್ಮ ಅಜ್ಜಂಗೂ ಅವರೇ ಕೊಟ್ಟು ಅಜ್ಜ ಉಳಿದಿದ್ರು. ಅಜ್ಜ ಉಳಿದಿದ್ದು ಯಾಕೆ ಅಂದ್ರೆ, ವಿಷ ಇಲ್ಲದ ಹಾವು ಕಡಿದಿರ್ಬಹುದು ಅಥವಾ ಒಣ ಕಡಿತ ಇರ್ಬಹುದು, ಹಾಗೆ ಉಳಿದೋರ ಹೆಸರು ಊರೆಲ್ಲ ಹೇಳ್ತಾರೆ, ಉಳಿಯದೇ ಹೋದೋರ ಸುದ್ದಿ ಮನೆಯೋರ ಜೊತೆಗೇ ಉಳ್ಕೊಳ್ಳುತ್ತೆ. ನಾಗಬನಕ್ಕೆ ಹರಕೆ ಹೇಳ್ಕೊಳ್ಳಿ, ದೇವ್ರ ಮುಂದೆ ಕಾಯಿ ಇಡಿ, ಆದ್ರೆ ಜೀಪ್ ಸ್ಟಾರ್ಟ್ ಆದ್ಮೇಲೆ.

ದಾರೀಲಿ

108ಕ್ಕೆ ಫೋನ್ ಮಾಡಿ, ಆದ್ರೆ ಅಂಗಳದಲ್ಲಿ ಕಾಯ್ತಾ ಕೂರ್ಬೇಡಿ, ಸಿಕ್ಕ ಗಾಡೀಲಿ ಹೊರಟು ನಡುದಾರೀಲಿ ಆಂಬುಲೆನ್ಸ್ ಸಿಕ್ಕಿದ್ರೆ ಹತ್ತಿಸಿ. ಜೀಪೇ ಇಲ್ಲ ಅಂದ್ರೆ ಬೈಕ್ ಆಗುತ್ತೆ, ಮುಂದೆ ಓಡ್ಸೋರು, ಮಧ್ಯ ಕಡಿಸ್ಕೊಂಡೋರು, ಹಿಂದೆ ಒಬ್ರು ಗಟ್ಟಿ ಹಿಡ್ಕೊಂಡು. ನೇಪಾಳದ ತರಾಯಿ ಹಳ್ಳಿಗಳಲ್ಲಿ ಹೀಗೆ ಬೈಕ್ ಮೇಲೆ ಬೇಗ ಸಾಗಿಸೋ ವ್ಯವಸ್ಥೆ ಮಾಡಿದ್ಮೇಲೆ ಸಾವು ಕಮ್ಮಿ ಆಗಿದೆ. ಹೊರಡೋವಾಗ್ಲೇ ಆಸ್ಪತ್ರೆಗೆ ಫೋನ್ ಮಾಡಿ "ಹಾವು ಕಡಿತ, ಇಷ್ಟು ಹೊತ್ತಿಗೆ ಆಗಿದೆ, ಇಂಥ ಕಡೆಯಿಂದ ಬರ್ತಿದೀವಿ, ಎಎಸ್‌ವಿ ಇದೆಯಾ" ಅಂತ ಕೇಳಿ. ನಾವು ಮಾಡದೇ ಇದ್ದಿದ್ದು ಈ ಒಂದು ಫೋನ್. ದೊಡ್ಡಾಸ್ಪತ್ರೆಗೇ ಹೋಗೋಣ ಅಂತ ಔಷಧಿ ಇರೋ ಹತ್ತಿರದ ಆಸ್ಪತ್ರೆ ದಾಟ್ಕೊಂಡು ಹೋಗ್ಬೇಡಿ, ಮೊದಲ ಡೋಸ್ ಅಲ್ಲೇ ಶುರುವಾಗ್ಲಿ, ಆಮೇಲೆ ಬೇಕಿದ್ರೆ ಅವರೇ ಮೇಲಿನ ಆಸ್ಪತ್ರೆಗೆ ಕಳಿಸ್ತಾರೆ.

ವಾಂತಿ ಬರ್ತಿದ್ರೆ ಎಡಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನೂ ಹಾಕ್ಬೇಡಿ. ನಾಗರ, ಕಟ್ಟುಹಾವಿನ ವಿಷ ನರಕ್ಕೆ ಹೊಡೆಯುತ್ತೆ: ರೆಪ್ಪೆ ಬೀಳುತ್ತೆ, ಎರಡೆರಡು ಕಾಣುತ್ತೆ, ಜೊಲ್ಲು ನುಂಗೋಕಾಗಲ್ಲ, ಕತ್ತು ನಿಲ್ಲಲ್ಲ, ಕೊನೆಗೆ ಉಸಿರು. ಉಸಿರು ನಿಂತ್ರೆ ಬಾಯಿಗೆ ಬಾಯಿಟ್ಟು ಉಸಿರು ಕೊಡ್ತಾನೇ ಇರಿ, ನಾಡಿನೂ ಸಿಗದಿದ್ರೆ ಎದೆ ಒತ್ತಿ. ಕಣ್ಣು ತೆರೆಯಲ್ಲ, ಕೈ ಎತ್ತಲ್ಲ, ಕಣ್ಣಿನ ಪಾಪೆಗೂ ಬೆಳಕು ತಾಗಲ್ಲ, ಸತ್ತೇ ಹೋದ್ರು ಅನ್ಸುತ್ತೆ, ಆದ್ರೆ ಒಳಗೆ ಎಚ್ಚರ ಇದ್ದು ನೀವಾಡೋ ಮಾತು ಕೇಳಿಸ್ತಿರ್ಬಹುದು. ವೆಂಟಿಲೇಟರ್ ಮೇಲೆ ದಿನಗಟ್ಟಲೆ ಇದ್ದು ಎದ್ದು ಮನೆಗೆ ನಡ್ಕೊಂಡು ಬಂದೋರಿದಾರೆ. ಹಾಗಾಗಿ ದಾರಿ ಮಧ್ಯ ಕೈ ಬಿಟ್ಟು ವಾಪಸ್ ತಿರುಗ್ಬೇಡಿ.

ಆಸ್ಪತ್ರೆ ಒಳಗೆ ಏನಾಗುತ್ತೆ

ಇದನ್ನ ತಿಳ್ಕೊಂಡಿದ್ರೆ ಅಲ್ಲಿ ಗಲಾಟೆ ಆಗಲ್ಲ. ಚಿಕ್ಕಪ್ಪನ್ನ ಒಳಗೆ ಮಲಗಿಸಿದ ತಕ್ಷಣ ಡಾಕ್ಟ್ರು ಔಷಧಿ ಹಾಕ್ಲಿಲ್ಲ, ಸ್ವಲ್ಪ ರಕ್ತ ತೆಗೆದು ಗಾಜಿನ ಒಣ ಟ್ಯೂಬಿಗೆ ಹಾಕಿ ಮೇಜಿನ ಮೇಲೆ ನಿಲ್ಲಿಸಿ ಗಡಿಯಾರ ನೋಡಿದ್ರು. ನಮ್ಮೋರೊಬ್ರು ಯಾಕೆ ಸುಮ್ನೆ ನಿಂತಿದೀರಿ ಅಂತ ಕೂಗಾಡೋಕೆ ಹೊರಟ್ರು. ಸರಿಯಾಗಿ 20 ನಿಮಿಷ ಆದ್ಮೇಲೆ ಡಾಕ್ಟ್ರು ಟ್ಯೂಬ್ ಎತ್ತಿ ಓರೆ ಮಾಡಿದ್ರು. ಹೆಪ್ಪುಗಟ್ಟಿ ಗಟ್ಟಿಯಾಗಿ ನಿಲ್ಬೇಕಿದ್ದ ರಕ್ತ ಕೋಕಂ ಶರಬತ್ತಿನ ಹಾಗೆ ಸರ್ರನೆ ಗೋಡೆಗುಂಟ ಹರೀತು. ನಂಗೆ ಆ ಕ್ಷಣ ವಿಷ ಅಂದ್ರೇನು ಅಂತ ಅರ್ಥ ಆಗಿದ್ದು. ಆ ಪರೀಕ್ಷೆ ನೋಡಿನೇ ಔಷಧಿ ಶುರು ಮಾಡಿದ್ರು, ಆರು ಗಂಟೆ ಆದ್ಮೇಲೆ ಅದೇ ಪರೀಕ್ಷೆ ಮತ್ತೆ ಮಾಡಿ ಇನ್ನೂ ಬೇಕಾ ಅಂತ ನೋಡಿದ್ರು.

ಎಎಸ್‌ವಿ ಡ್ರಿಪ್ಪಲ್ಲಿ ಹೋಗುತ್ತೆ. ಅದು ಕುದುರೆ ರಕ್ತದಿಂದ ತಯಾರಾಗೋದು, ಕೆಲವರಿಗೆ ಮೈ ತುರಿಕೆ, ದದ್ದು, ಚಳಿಜ್ವರ, ಉಸಿರಾಟಕ್ಕೆ ತೊಂದ್ರೆ ಆಗುತ್ತೆ, ಆಗ ನಿಲ್ಸಿ ಅಡ್ರಿನಾಲಿನ್ ಕೊಟ್ಟು ಮತ್ತೆ ಶುರು ಮಾಡ್ತಾರೆ, ಅದಕ್ಕೇ ಇದನ್ನ ಮನೇಲಿ ಇಟ್ಕೊಂಡು ಚುಚ್ಚಿಸ್ಕೊಳ್ಳೋಕಾಗಲ್ಲ. ಮಕ್ಕಳಿಗೂ ದೊಡ್ಡೋರಷ್ಟೇ ವಯಲ್ ಹಾಕ್ತಾರೆ, ಹಾವು ಮಗು ಅಂತ ಕಮ್ಮಿ ವಿಷ ಬಿಡಲ್ಲವಲ್ಲ. ಏನೂ ಲಕ್ಷಣ ಇಲ್ಲ ಅಂದ್ರೂ 24 ಗಂಟೆ ಇಟ್ಕೊಳ್ತಾರೆ, ಜಗಳ ಮಾಡಿ ಡಿಸ್ಚಾರ್ಜ್ ಕೇಳ್ಬೇಡಿ.

ಜೊತೆಗಿದ್ದೋರು ನೋಡ್ಬೇಕಾಗಿದ್ದು ಮೂತ್ರ. ಎಷ್ಟು ಹೋಗ್ತಿದೆ, ಯಾವ ಬಣ್ಣ, ಬರೆದಿಡಿ. ಚಿಕ್ಕಪ್ಪಂಗೆ ಮಾರನೇ ದಿನ ಕಮ್ಮಿ ಆಯ್ತು, ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗ್ತು, ಕಿಡ್ನಿ ಕೈ ಕೊಡ್ತು, ದೊಡ್ಡಾಸ್ಪತ್ರೆಗೆ ಹೋಗಿ ಮೂರು ಸಲ ಡಯಾಲಿಸಿಸ್ ಆಯ್ತು. ಉಳ್ಕೊಂಡ್ರು. ಎರಡು ಗಂಟೆ ಮುಂಚೆ ಬಂದಿದ್ರೆ ಇದು ಬೇಕಾಗ್ತಿರ್ಲಿಲ್ವೇನೋ ಅಂತ ಅಲ್ಲಿನ ಡಾಕ್ಟ್ರು ಹೇಳಿದಾಗ ಚಿಕ್ಕಮ್ಮ ಮಾತಾಡ್ಲಿಲ್ಲ, ಕೈಚೀಲದಿಂದ ಆ ತುಂಡಾದ ಬೆಳ್ಳಿ ಬಳೆ ತೆಗೆದು ನೋಡ್ತಾ ಕೂತಿದ್ರು.

ಮನೆಗೆ ಬಂದ್ಮೇಲೂ ಮುಗ್ದಿಲ್ಲ ಅನ್ನೋದು ನೆನಪಿರ್ಲಿ. ಔಷಧಿ ತಗೊಂಡು ಒಂದೆರಡು ವಾರಕ್ಕೆ ಜ್ವರ, ಗಂಟು ನೋವು, ಮೈಯೆಲ್ಲ ದದ್ದು ಬರ್ಬಹುದು, ಇದು ವಿಷ ತಿರುಗಿ ಬಂದಿದ್ದಲ್ಲ, ಔಷಧಿಗೆ ಮೈ ತೋರ್ಸೋ ಪ್ರತಿಕ್ರಿಯೆ, ಮಾತ್ರೇಲಿ ಹೋಗುತ್ತೆ. ಚಿಕ್ಕಪ್ಪಂಗೆ ಹತ್ತನೇ ದಿನ ಬಂತು, ಮತ್ತೆ ಮದ್ದು ಕೊಡೋರ ಹೆಸರೇ ಮನೇಲಿ ಕೇಳಿಬಂತು. ಈ ಸಲ ಡಿಸ್ಚಾರ್ಜ್ ಚೀಟಿ ತಗೊಂಡು ಹತ್ತು ನಿಮಿಷದಲ್ಲಿ ಜೀಪ್ ಹತ್ತಿದ್ವಿ.